ದಿನಾಂಕ ಹಾಗೇ ಇರಲಿ, ಬಿಡುಗಡೆ ಕಿರಿದಾಗಲಿ

ಪ್ರಶ್ನೆ: ನಾವು ಮೂವರು ಸೇರಿ ಸಣ್ಣ ಉತ್ಪಾದನಾ ಘಟಕಗಳ ಸ್ಟೋರ್‌ಗಳಿಗೆಂದು ದಾಸ್ತಾನು ನಿರ್ವಹಣೆಯ ಸಾಫ್ಟ್‌ವೇರ್ ಒಂದನ್ನು ಒಂದೂವರೆ ವರ್ಷದಿಂದ ಸಿದ್ಧಪಡಿಸುತ್ತಿದ್ದೇವೆ. ಸುಮಾರು ಅರವತ್ತು ಘಟಕಗಳ ಮಾಲೀಕರಿಗೆ ಡೆಮೊ ತೋರಿಸಿದ್ದೇವೆ. ಹೆಚ್ಚುಕಡಿಮೆ ಎಲ್ಲರೂ ‘ಚೆನ್ನಾಗಿದೆ, ಸಿದ್ಧವಾದಾಗ ತಿಳಿಸಿ’ ಎಂದಿದ್ದಾರೆ. ಕೈಯಲ್ಲಿರುವ ಹಣ ಇನ್ನು ಒಂಬತ್ತು ತಿಂಗಳಿಗೆ ಸಾಕಾಗುತ್ತದೆ. ಎರಡು ತಿಂಗಳೊಳಗೆ ದೊಡ್ಡ ಪ್ರಚಾರದೊಂದಿಗೆ ಬಿಡುಗಡೆ ಮಾಡಬೇಕೆಂದು ಹೂಡಿಕೆದಾರರು ಒತ್ತಾಯಿಸುತ್ತಿದ್ದಾರೆ. ತಾಂತ್ರಿಕ ಹೊಣೆ ಹೊತ್ತಿರುವ ಸಹ-ಸಂಸ್ಥಾಪಕರು ಬಾರ್‌ಕೋಡ್, ಖರೀದಿ ಆದೇಶ ಮತ್ತು ವರದಿಗಳ ವಿಭಾಗಗಳು ಮುಗಿಯುವವರೆಗೆ, ಅಂದರೆ ಇನ್ನೂ ಆರು ತಿಂಗಳು, ಬಿಡುಗಡೆ ಬೇಡ ಎನ್ನುತ್ತಿದ್ದಾರೆ. ಯಾರ ಮಾತು ಸರಿ? ಆರಂಭದಲ್ಲಿ ಉಚಿತವಾಗಿ ಕೊಡಬೇಕೆ? ಈ ಹಂತದಲ್ಲಿ ನಮ್ಮಂಥವರಿಗೆ ಎದುರಾಗುವ ಕಷ್ಟಗಳು ಯಾವುವು?

ಉತ್ತರ: ತಡಮಾಡಬಾರದು ಎಂಬ ಹೂಡಿಕೆದಾರರ ಮಾತು ಸರಿಯಾಗಿದೆ. ಉತ್ಪನ್ನ ಇನ್ನೂ ದೊಡ್ಡ ಸಂಖ್ಯೆಯ ಬಳಕೆದಾರರನ್ನು ತಾಳಿಕೊಳ್ಳುವ ಸ್ಥಿತಿಗೆ ಬಂದಿಲ್ಲ ಎಂಬ ನಿಮ್ಮ ಸಹ-ಸಂಸ್ಥಾಪಕರ ಅಳುಕೂ ಸರಿಯಾಗಿಯೇ ಇದೆ. ಬಿಡುಗಡೆ ಎಂದರೆ ಎಲ್ಲರಿಗೂ ಒಂದೇ ದಿನ ಬಾಗಿಲು ತೆರೆಯುವುದು ಎಂದು ಇಬ್ಬರೂ ಎಣಿಸಿರುವುದರಿಂದಲೇ ಎರಡು ಸರಿಯಾದ ಮಾತುಗಳು ಪರಸ್ಪರ ವಿರುದ್ಧವಾಗಿ ಕಾಣುತ್ತಿವೆ. ಬಿಡುಗಡೆಯ ದಿನಾಂಕ ಬೇರೆ, ಅದರ ಗಾತ್ರ ಬೇರೆ. ಎರಡು ತಿಂಗಳ ಗಡುವನ್ನು ಉಳಿಸಿಕೊಳ್ಳಿ. ಆದರೆ ಅಂದು ಅರವತ್ತು ಘಟಕಗಳ ಬದಲು ಎಂಟಕ್ಕೆ ಮಾತ್ರ ಕೊಡಿ, ಹಣ ಪಡೆದೇ ಕೊಡಿ. ಆ ಎಂಟು ಕಡೆ ಬಳಕೆ ನೆಲೆಗೊಂಡಿದೆ ಎಂಬುದು ಅಂಕಿಗಳಲ್ಲಿ ಕಾಣುವವರೆಗೆ ಪ್ರಚಾರಕ್ಕೆ ಕೈಹಾಕಬೇಡಿ. ಹೀಗೆ ಹೇಳುವುದಕ್ಕೆ ಕಾರಣಗಳನ್ನು ನಿಮ್ಮ ಸಂದರ್ಭವನ್ನೇ ಇಟ್ಟುಕೊಂಡು ವಿವರಿಸುತ್ತೇನೆ.

ಮೊದಲು ಆ ಅರವತ್ತು ಮೆಚ್ಚುಗೆಗಳ ವಿಚಾರ. ಡೆಮೊದಲ್ಲಿ ಮೌಸ್ ನಿಮ್ಮ ಕೈಯಲ್ಲಿರುತ್ತದೆ, ಮಾಹಿತಿಯೂ ನೀವು ತುಂಬಿಸಿಟ್ಟದ್ದೇ ಆಗಿರುತ್ತದೆ, ತೊಡಕಿರುವ ದಾರಿಗಳಲ್ಲಿ ನೀವು ಹೋಗುವುದೂ ಇಲ್ಲ. ನೋಡುವವರು ಆ ಅರ್ಧ ಗಂಟೆಯಲ್ಲಿ ತಮ್ಮ ಘಟಕದ ಅಸ್ತವ್ಯಸ್ತತೆಯನ್ನು ಮರೆತು, ಎಲ್ಲವೂ ಅಚ್ಚುಕಟ್ಟಾಗಿರುವ ಘಟಕವೊಂದನ್ನು ಕಲ್ಪಿಸಿಕೊಂಡು ತಲೆಯಾಡಿಸುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜಕ್ಕೂ ಚೆನ್ನಾಗಿ ಕಂಡಿದೆ. ಆದರೆ ‘ಸಿದ್ಧವಾದಾಗ ತಿಳಿಸಿ’ ಎನ್ನುವುದಕ್ಕೆ ಅವರು ಏನನ್ನೂ ತೆರಬೇಕಿಲ್ಲ. ಹಾಗಾಗಿ ಅದನ್ನು ಬೇಡಿಕೆಯೆಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹೊಸ ಉತ್ಪನ್ನ ಬಿಡುಗಡೆ ಮಾಡುವ ಸಂಸ್ಥಾಪಕರಿಗೆ ಎದುರಾಗುವ ಕಷ್ಟಗಳಲ್ಲಿ ನಾನು ಇದನ್ನೇ ಮೊದಲು ಇಡುತ್ತೇನೆ: ಆಸಕ್ತಿ ಮತ್ತು ಬೇಡಿಕೆ ದೂರದಿಂದ ಒಂದೇ ಬಗೆಯಾಗಿ ಕಾಣುತ್ತವೆ, ವ್ಯತ್ಯಾಸ ತಿಳಿಯುವ ಹೊತ್ತಿಗೆ ಹಣ ಖರ್ಚಾಗಿರುತ್ತದೆ.

ವ್ಯತ್ಯಾಸವನ್ನು ಈಗಲೇ ತಿಳಿಯುವ ದಾರಿಯಿದೆ. ಈ ವಾರವೇ ಆ ಅರವತ್ತು ಮಾಲೀಕರಿಗೂ ಮರಳಿ ಕರೆ ಮಾಡಿ, ಮೂರು ಸಂಗತಿಗಳನ್ನು ಕೇಳಿ. ಸ್ಟೋರ್‌ನಲ್ಲಿರುವ ವಸ್ತುಗಳ ಪಟ್ಟಿ ಈಗ ಯಾವ ರೂಪದಲ್ಲಿದೆಯೋ ಅದೇ ರೂಪದಲ್ಲಿ, ಎಕ್ಸೆಲ್ ಕಡತವಾದರೂ ಲೆಡ್ಜರ್ ಪುಟಗಳ ಫೋಟೋ ಆದರೂ ಸರಿ, ಕಳುಹಿಸಿಕೊಡುತ್ತೀರಾ ಎಂದು ಕೇಳಿ. ಸ್ಟೋರ್ ಕೀಪರ್ ಜೊತೆ ಒಂದು ಇಡೀ ಬೆಳಗು ನಾವು ಕುಳಿತುಕೊಳ್ಳಬಹುದೇ ಎಂದು ಕೇಳಿ. ಮೊದಲ ತಿಂಗಳ ಶುಲ್ಕವನ್ನು ಮುಂಗಡವಾಗಿ ಕೊಡುತ್ತೀರಾ ಎಂದು ಕೇಳಿ. ಪಟ್ಟಿ ಕಳುಹಿಸಲು ಶ್ರಮ ಬೇಕು, ಸ್ಟೋರ್ ಕೀಪರ್‌ನ ಸಮಯ ಬಿಟ್ಟುಕೊಡಲು ನಂಬಿಕೆ ಬೇಕು, ಮುಂಗಡಕ್ಕೆ ನಿಜವಾದ ಅಗತ್ಯವೇ ಬೇಕು. ಅರವತ್ತು ಎಂಬ ಸಂಖ್ಯೆ ಹೀಗೆ ಕೇಳಿದ ಮೇಲೆ ಬಹಳ ಕುಗ್ಗುತ್ತದೆ. ಕುಗ್ಗಿದ್ದಕ್ಕೆ ಎದೆಗುಂದಬೇಡಿ. ಮೂರಕ್ಕೂ ಒಪ್ಪಿದವರು ಎಂಟು ಮಂದಿ ಸಿಕ್ಕರೆ ನಿಮ್ಮ ಬಿಡುಗಡೆಗೆ ಅಷ್ಟು ಸಾಕು.

ಇಲ್ಲಿ ನಿಮ್ಮ ಹೂಡಿಕೆದಾರರು, ಕಡತಗಳನ್ನು ಇಂಟರ್ನೆಟ್‌ನಲ್ಲಿ ಇಟ್ಟುಕೊಳ್ಳುವ ಸೇವೆಯಾದ ಡ್ರಾಪ್‌ಬಾಕ್ಸ್‌ನ ಉದಾಹರಣೆ ಕೊಡಬಹುದು. ಅದರ ಸಹ-ಸಂಸ್ಥಾಪಕ ಡ್ರೂ ಹೌಸ್ಟನ್ 2008ರಲ್ಲಿ ತಮ್ಮ ಉತ್ಪನ್ನವನ್ನು ಪರಿಚಯಿಸುವ ಚಿಕ್ಕ ವಿಡಿಯೊ ಒಂದನ್ನು ಹರಿಬಿಟ್ಟಾಗ ಕಾಯುವವರ ಪಟ್ಟಿ ಒಂದೇ ರಾತ್ರಿಯಲ್ಲಿ 5,000ದಿಂದ 75,000ಕ್ಕೆ ಏರಿತೆಂದು ಅವರೇ ಹೇಳಿದ್ದಾರೆ. ಅದು ನಿಜವಾದ ಸಂಕೇತವಾಗಿತ್ತು, ಏಕೆಂದರೆ ಆ ಉತ್ಪನ್ನವನ್ನು ಬಳಸಲು ಒಬ್ಬ ವ್ಯಕ್ತಿ ತನ್ನ ಕಂಪ್ಯೂಟರ್‌ನಲ್ಲಿ ಒಂದು ಫೋಲ್ಡರ್ ಇಟ್ಟುಕೊಂಡರೆ ಸಾಕಿತ್ತು. ಇನ್ನೊಬ್ಬರ ಅಭ್ಯಾಸ ಬದಲಾಗಬೇಕಿರಲಿಲ್ಲ. ನಿಮ್ಮ ಉತ್ಪನ್ನಕ್ಕೆ ಮಾಲೀಕರು ಹಣ ಕೊಡಬೇಕು, ಸ್ಟೋರ್ ಕೀಪರ್ ದಿನವಿಡೀ ಬಳಸಬೇಕು, ಸಾಮಗ್ರಿ ಕೇಳಲು ಬರುವ ಕೆಲಸಗಾರರು ಹೊಸ ಪದ್ಧತಿಗೆ ಒಪ್ಪಬೇಕು, ಲೆಕ್ಕಪತ್ರದವರು ಅದರ ಅಂಕಿಗಳನ್ನು ನಂಬಬೇಕು. ಇಷ್ಟು ಜನರ ಕೈ ಸೇರಬೇಕಾದ ಕಡೆ ಕಾಯುವವರ ಪಟ್ಟಿ ಎಷ್ಟೇ ಉದ್ದವಿದ್ದರೂ ಅದು ತಿಳಿಸುವ ಸಂಗತಿ ಅಲ್ಪ.

ಸ್ಟೋರ್ ಕೀಪರ್ ಜೊತೆ ಒಂದು ಬೆಳಗು ಕುಳಿತುಕೊಳ್ಳಿ ಎಂದೆನಲ್ಲ, ಅಲ್ಲಿ ನೀವು ಏನನ್ನು ನೋಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪಾಳಿ ಆರಂಭವಾಗುವ ಹೊತ್ತಿಗೆ ಸ್ಟೋರ್‌ನ ಕಿಟಕಿಯ ಮುಂದೆ ನಾಲ್ಕೈದು ಜನ ಒಟ್ಟಿಗೆ ನಿಂತಿರುತ್ತಾರೆ. ಒಬ್ಬರಿಗೆ ಬೇರಿಂಗ್, ಇನ್ನೊಬ್ಬರಿಗೆ ಕಟಿಂಗ್ ಆಯಿಲ್, ಮತ್ತೊಬ್ಬರಿಗೆ ಒಂದು ಹಿಡಿ ಬೋಲ್ಟ್ ಬೇಕು. ಯಂತ್ರ ನಿಂತಿದೆ, ಮೇಲ್ವಿಚಾರಕರು ಅವಸರಪಡಿಸುತ್ತಿದ್ದಾರೆ. ಸ್ಟೋರ್ ಕೀಪರ್ ವಸ್ತುಗಳನ್ನು ತೆಗೆದು ಕೊಟ್ಟು, ಚೀಟಿಯ ಮೇಲೆ ಗೀಚಿ, ಆ ಚೀಟಿಗಳನ್ನು ಒಂದು ಕ್ಲಿಪ್ಪಿಗೆ ಸಿಕ್ಕಿಸಿಡುತ್ತಾರೆ. ಅವು ಲೆಡ್ಜರ್‌ಗೆ ಏರುವುದು ಸಂಜೆ, ಕೆಲವೊಮ್ಮೆ ಮರುದಿನ. ಅಂದರೆ ನಿಮ್ಮ ಪರದೆಯ ಮೇಲೆ ‘ಈಗಿನ ದಾಸ್ತಾನು’ ಎಂದು ದೊಡ್ಡ ಅಕ್ಷರಗಳಲ್ಲಿ ಕಾಣುವ ಅಂಕಿ ಬೆಳಗಿನಿಂದ ಸಂಜೆಯವರೆಗೂ ತಪ್ಪಾಗಿರುತ್ತದೆ. ಮಾಲೀಕರು ಮಧ್ಯಾಹ್ನ ಅದನ್ನು ನೋಡಿ, ಸ್ಟೋರ್‌ಗೆ ಹೋಗಿ ಎಣಿಸಿ, ಹೊಂದಿಕೆಯಾಗದಿದ್ದಾಗ ಇಡೀ ಸಾಫ್ಟ್‌ವೇರ್ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ. ಕೋಡ್‌ನಲ್ಲಿ ಒಂದೂ ದೋಷವಿಲ್ಲದೆಯೇ ಉತ್ಪನ್ನ ಸೋಲುವುದು ಹೀಗೆ.

ಅಲ್ಲೇ ಇನ್ನೊಂದು ಸಂಗತಿಯೂ ಕಾಣುತ್ತದೆ. ಒಂದೇ ವಸ್ತುವಿಗೆ ಒಂದೇ ಸ್ಟೋರ್‌ನಲ್ಲಿ ಹಲವು ಹೆಸರುಗಳಿರುತ್ತವೆ. ಖರೀದಿ ಬಿಲ್ಲಿನಲ್ಲಿ ‘ಹೆಕ್ಸ್ ಬೋಲ್ಟ್ ಎಂ8’, ಲೆಡ್ಜರ್‌ನಲ್ಲಿ ‘8 ಎಂಎಂ ಬೋಲ್ಟ್’, ಕೆಲಸಗಾರರ ಬಾಯಲ್ಲಿ ‘ಆ ಉದ್ದನೆಯ ಬೋಲ್ಟ್’. ಪೆಟ್ಟಿಗೆಯ ಮೇಲೆ ಚೀಟಿಯೇ ಇರುವುದಿಲ್ಲ, ಇದ್ದರೂ ಒಳಗಿರುವುದು ಬೇರೆ ಅಳತೆ. ಖರೀದಿಯಾಗುವುದು ಕಿಲೋ ಲೆಕ್ಕದಲ್ಲಿ, ಕೊಡುವುದು ಬಿಡಿ ಲೆಕ್ಕದಲ್ಲಿ. ನಿಮ್ಮ ಸಹ-ಸಂಸ್ಥಾಪಕರು ಬಯಸುವ ಬಾರ್‌ಕೋಡ್ ಇದನ್ನು ಬಗೆಹರಿಸುವುದಿಲ್ಲ. ಯಾವ ವಸ್ತು ಯಾವುದು, ಅದರ ಅಳತೆಯ ಮಾನ ಯಾವುದು ಎಂಬ ಮೂಲ ಪಟ್ಟಿ ಸರಿಯಾದ ಮೇಲಷ್ಟೇ ಬಾರ್‌ಕೋಡ್ ಅಂಟಿಸುವುದಕ್ಕೆ ಅರ್ಥ ಬರುತ್ತದೆ. ನನ್ನ ಅಂದಾಜಿನಲ್ಲಿ ಈ ಎರಡು ತಿಂಗಳಲ್ಲಿ ನಿಮ್ಮ ತಂಡ ಕಟ್ಟಬೇಕಾದದ್ದು ಎರಡೇ: ಚೀಟಿಯಲ್ಲಿ ಗೀಚುವಷ್ಟೇ ಸಮಯದಲ್ಲಿ ಫೋನಿನಲ್ಲಿ ಇಶ್ಯೂ, ಅಂದರೆ ಸ್ಟೋರ್‌ನಿಂದ ಕೊಟ್ಟ ವಸ್ತುವನ್ನು, ನಮೂದಿಸುವ ಒಂದು ಪರದೆ, ಮತ್ತು ಒಂದೇ ವಸ್ತುವಿನ ಹಲವು ಹೆಸರುಗಳನ್ನು ಒಂದಕ್ಕೆ ಜೋಡಿಸುವ ಸೌಲಭ್ಯ. ಖರೀದಿ ಆದೇಶ, ವರದಿ, ಬಾರ್‌ಕೋಡ್ ಮೂರನ್ನೂ ಮುಂದಕ್ಕೆ ಹಾಕಬಹುದು. ವರದಿ ಬೇಕೇಬೇಕು ಎನ್ನುವ ಮಾಲೀಕರಿಗೆ ವಾರಕ್ಕೊಮ್ಮೆ ನೀವೇ ಎಕ್ಸೆಲ್‌ನಲ್ಲಿ ಕೂತು ತಯಾರಿಸಿ ಕಳುಹಿಸಿ. ಯಾವ ವರದಿಯನ್ನು ಅವರು ನಿಜವಾಗಿ ತೆರೆದು ನೋಡುತ್ತಾರೆ ಎಂಬುದು ಆಗ ತಿಳಿಯುತ್ತದೆ, ಮುಂದೆ ಅದನ್ನಷ್ಟೇ ಕಟ್ಟಿದರಾಯಿತು.

ಮಾಲೀಕರು ಮತ್ತು ಸ್ಟೋರ್ ಕೀಪರ್ ನಡುವಿನ ಅಂತರವನ್ನು ನೀವು ಹಗುರವಾಗಿ ತೆಗೆದುಕೊಳ್ಳಬಾರದು. ಹಣ ಕೊಡುವವರು ಒಬ್ಬರು, ಬಳಸುವವರು ಇನ್ನೊಬ್ಬರು ಆಗಿರುವ ಪ್ರತಿಯೊಂದು ಉತ್ಪನ್ನಕ್ಕೂ ಇರುವ ಸಂಕಟ ಇದು. ಸಾಮಗ್ರಿ ಸೋರಿಹೋಗುತ್ತಿದೆ, ಬೇಡದ ಸರಕಿನಲ್ಲಿ ಬಂಡವಾಳ ಸಿಕ್ಕಿಬಿದ್ದಿದೆ ಎಂಬ ಆತಂಕದಿಂದ ಮಾಲೀಕರು ಖರೀದಿಸುತ್ತಾರೆ. ಅದೇ ಆತಂಕ ಸ್ಟೋರ್ ಕೀಪರ್‌ಗೆ ತನ್ನ ಮೇಲಿನ ಅನುಮಾನವಾಗಿ ಕಾಣುತ್ತದೆ. ವರ್ಷಗಟ್ಟಲೆ ಯಾವ ವಸ್ತು ಎಲ್ಲಿದೆ ಎಂಬುದನ್ನು ತಲೆಯಲ್ಲಿಟ್ಟುಕೊಂಡು ಘಟಕವನ್ನು ನಡೆಸಿದವರು ಅವರು. ಆ ಜ್ಞಾನವನ್ನು ಒಂದು ಫೋನಿಗೆ ಒಪ್ಪಿಸಿದ ಮೇಲೆ ತನ್ನ ಬೆಲೆ ಏನು ಎಂದು ಅವರು ಕೇಳಿಕೊಂಡರೆ ಅದು ಅಸಹಜವಲ್ಲ. ಅವರು ಬಹಿರಂಗವಾಗಿ ವಿರೋಧಿಸುವುದಿಲ್ಲ. ‘ನೆಟ್‌ವರ್ಕ್ ಇರಲಿಲ್ಲ’, ‘ಕೆಲಸ ಜಾಸ್ತಿಯಿತ್ತು’ ಎಂಬ ಮಾತುಗಳ ನಡುವೆ ನಮೂದುಗಳು ಒಂದೊಂದಾಗಿ ನಿಲ್ಲುತ್ತವೆ. ಆದ್ದರಿಂದ ಉತ್ಪನ್ನ ಮೊದಲ ವಾರದಲ್ಲೇ ಸ್ಟೋರ್ ಕೀಪರ್‌ನ ಒಂದು ಕಷ್ಟವನ್ನು ಕಳೆಯಬೇಕು. ತಿಂಗಳ ಕೊನೆಯ ದಾಸ್ತಾನು ಲೆಕ್ಕಕ್ಕೆ ರಾತ್ರಿಯವರೆಗೆ ಕೂರುವುದು ತಪ್ಪಬಹುದು, ಅಥವಾ ಸಾಮಗ್ರಿ ಮುಗಿದದ್ದಕ್ಕೆ ಬೈಸಿಕೊಳ್ಳುವಾಗ ‘ನಾನು ಹತ್ತು ದಿನ ಮೊದಲೇ ತಿಳಿಸಿದ್ದೆ’ ಎಂದು ತೋರಿಸಲು ದಾಖಲೆ ಸಿಗಬಹುದು. ಬಳಸುವವರಿಗೆ ತನ್ನದೇ ಆದ ಲಾಭ ಕಾಣದ ಸಾಫ್ಟ್‌ವೇರ್ ಮಾಲೀಕರ ಆಜ್ಞೆಯ ಬಲದ ಮೇಲೆ ಹೆಚ್ಚು ದಿನ ಉಳಿಯುವುದಿಲ್ಲ.

ಈ ಬಗೆಯ ಸಂಗತಿಗಳು ಎಂಟು ಘಟಕಗಳಲ್ಲಿ ಕಾಣುತ್ತವೆ, ಅರವತ್ತರಲ್ಲಿ ಕಾಣುವುದಿಲ್ಲ. ಅರವತ್ತು ಕಡೆ ಒಂದೇ ದಿನ ಶುರುಮಾಡಿದರೆ ಮೂರು ಜನರ ತಂಡಕ್ಕೆ ಫೋನ್ ಕರೆಗಳಿಗೆ ಉತ್ತರಿಸುವುದರಲ್ಲೇ ದಿನ ಮುಗಿಯುತ್ತದೆ, ಯಾರು ಯಾಕೆ ಬಿಟ್ಟುಹೋದರು ಎಂದು ಕೇಳುವ ಪುರಸೊತ್ತೂ ಇರುವುದಿಲ್ಲ. ಬಿಟ್ಟುಹೋದ ಘಟಕ ಮತ್ತೆ ಬರುವುದೂ ಅಪರೂಪ, ಏಕೆಂದರೆ ಒಮ್ಮೆ ‘ಅದನ್ನು ನೋಡಿದ್ದೇವೆ, ನಮಗೆ ಆಗಿಬರಲಿಲ್ಲ’ ಎಂಬ ತೀರ್ಮಾನ ಬಿದ್ದರೆ ನೀವು ಆಮೇಲೆ ಎಷ್ಟು ಸುಧಾರಿಸಿದರೂ ಅದನ್ನು ನೋಡಲು ಅವರು ಸಮಯ ಕೊಡುವುದಿಲ್ಲ.

ಕಚೇರಿ ತಂಡಗಳು ಸಂದೇಶ ಹಂಚಿಕೊಳ್ಳಲು ಬಳಸುವ ಸ್ಲ್ಯಾಕ್‌ನ ಆರಂಭ ನಿಮಗೆ ಉಪಯುಕ್ತ ಮಾದರಿ. ಸ್ಟೂವರ್ಟ್ ಬಟರ್‌ಫೀಲ್ಡ್ ಮತ್ತು ಸಂಗಡಿಗರು ‘ಗ್ಲಿಚ್’ ಎಂಬ ಆನ್‌ಲೈನ್ ಆಟವನ್ನು ಕಟ್ಟಿ, ಅದು ನಡೆಯದೆ 2012ರ ಕೊನೆಯಲ್ಲಿ ಮುಚ್ಚಿದರು. ಆಟ ಕಟ್ಟುವಾಗ ತಮ್ಮೊಳಗಿನ ಸಂವಹನಕ್ಕೆಂದು ಮಾಡಿಕೊಂಡಿದ್ದ ಸಾಧನವೇ ಉತ್ಪನ್ನವಾಯಿತು. ಅದನ್ನು ಮೊದಲು ಪರಿಚಯದ ಕೆಲವೇ ಕಂಪನಿಗಳಿಗೆ ಕೇಳಿಕೊಂಡು ಕೊಟ್ಟರು. ಅವುಗಳಲ್ಲಿ ಆರ್‌ಡಿಯೊ ಎಂಬ ಸಂಗೀತ ಕಂಪನಿಯಲ್ಲಿ ಒಂದು ಸಣ್ಣ ಗುಂಪಿನಿಂದ ಶುರುವಾದ ಬಳಕೆ ಇಡೀ ಕಂಪನಿಗೆ ಹರಡಿದಾಗ, ತಮ್ಮ ಸಣ್ಣ ತಂಡದಲ್ಲಿ ಎಂದೂ ಕಾಣದಿದ್ದ ತೊಡಕುಗಳು ದೊಡ್ಡ ಗುಂಪಿನಲ್ಲಿ ಎದ್ದುಬಂದವು. ಅವನ್ನು ಸರಿಪಡಿಸಿ, 2013ರ ಆಗಸ್ಟ್‌ನಲ್ಲಿ ಆಹ್ವಾನದ ಮೇರೆಗೆ ಮಾತ್ರ ಬಳಸಬಹುದಾದ ಮುನ್ನೋಟವನ್ನು ಪ್ರಕಟಿಸಿದಾಗ ಮೊದಲ ದಿನವೇ ಸುಮಾರು 8,000 ಕೋರಿಕೆಗಳು ಬಂದವು. ಆಗಲೂ ಎಲ್ಲರನ್ನೂ ಒಟ್ಟಿಗೆ ಒಳಬಿಡದೆ ಹಂತಹಂತವಾಗಿ ಸೇರಿಸಿಕೊಂಡು, 2014ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆದರು. ಹೊರಗಿನವರಿಗೆ ಅದು ಒಂದೇ ದಿನದ ಯಶಸ್ಸಿನಂತೆ ಕಂಡಿತು. ಅದರ ಹಿಂದೆ ಹಲವು ತಿಂಗಳ ಸಣ್ಣ ಬಿಡುಗಡೆಗಳಿದ್ದವು.

ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವ ಕೆಲಸದಲ್ಲಿ, ಆನ್‌ಲೈನ್ ಪಾವತಿ ಕಂಪನಿ ಸ್ಟ್ರೈಪ್‌ನ ಸಂಸ್ಥಾಪಕರಾದ ಪ್ಯಾಟ್ರಿಕ್ ಮತ್ತು ಜಾನ್ ಕಾಲಿಸನ್ ಸಹೋದರರ ರೀತಿಯನ್ನೂ ಗಮನಿಸಿ. ಯಾರಾದರೂ ಬಳಸಿ ನೋಡುತ್ತೇನೆ ಎಂದರೆ ಲಿಂಕ್ ಕಳುಹಿಸುತ್ತೇವೆ ಎಂದು ಹೇಳಿ ಹೋಗುವ ಬದಲು, ಅವರ ಲ್ಯಾಪ್‌ಟಾಪನ್ನು ಅಲ್ಲೇ ಪಡೆದು ಸ್ಥಾಪಿಸಿಕೊಟ್ಟೇ ಏಳುತ್ತಿದ್ದರು. ನಿಮ್ಮ ವಿಷಯದಲ್ಲಿ ಸ್ಥಾಪಿಸುವುದೆಂದರೆ ಆರಂಭಿಕ ದಾಸ್ತಾನು ತುಂಬಿಸಿಕೊಡುವುದೂ ಸೇರಿ. ಇದನ್ನು ಗ್ರಾಹಕರಿಗೇ ಬಿಟ್ಟರೆ ಹೆಚ್ಚಿನವರು ಅರ್ಧಕ್ಕೆ ನಿಲ್ಲಿಸುತ್ತಾರೆ. ಘಟಕಕ್ಕೆ ರಜೆಯಿರುವ ದಿನ ನೀವೇ ಹೋಗಿ, ಸ್ಟೋರ್ ಕೀಪರ್ ಜೊತೆ ಕಪಾಟು ಕಪಾಟಾಗಿ ಎಣಿಸಿ, ಮೊದಲ ಅಂಕಿಗಳನ್ನು ತುಂಬಿಸಿಕೊಡಿ. ಇದು ದೊಡ್ಡ ಸಂಖ್ಯೆಯಲ್ಲಿ ಮಾಡಲಾಗದ ಕೆಲಸ ಎಂದು ಹೂಡಿಕೆದಾರರು ಆಕ್ಷೇಪಿಸಬಹುದು. ಎಂಟು ಕಡೆ ಕೈಯಿಂದ ಮಾಡಿದ ಮೇಲೆ ಅದರ ಯಾವ ಭಾಗವನ್ನು ಸಾಫ್ಟ್‌ವೇರ್‌ಗೆ ವಹಿಸಬಹುದು ಎಂಬುದು ನಿಮಗೆ ಗೊತ್ತಾಗಿರುತ್ತದೆ, ಅದಕ್ಕೂ ಮೊದಲು ಗೊತ್ತಾಗುವ ದಾರಿಯಿಲ್ಲ.

ಹೂಡಿಕೆದಾರರ ದೊಡ್ಡ ಬಿಡುಗಡೆಯ ಆಸೆಗೆ ಹೇಗೆ ಉತ್ತರಿಸಬೇಕು? ಕ್ವಿಬಿಯ ಪ್ರಸಂಗವನ್ನು ಅವರ ಮುಂದಿಡಬಹುದು. ಜೆಫ್ರಿ ಕ್ಯಾಟ್ಜನ್‌ಬರ್ಗ್ ಮತ್ತು ಮೆಗ್ ವಿಟ್ಮನ್ ಅವರಂಥ ಅನುಭವಿಗಳ ನೇತೃತ್ವ, ಸುಮಾರು 175 ಕೋಟಿ ಡಾಲರ್ ಬಂಡವಾಳ, ಭಾರಿ ಜಾಹೀರಾತು, ಇಷ್ಟೆಲ್ಲ ಇದ್ದ ಆ ಕಿರು ವಿಡಿಯೊ ಸೇವೆ 2020ರ ಏಪ್ರಿಲ್‌ನಲ್ಲಿ ಆರಂಭವಾಗಿ ಅದೇ ವರ್ಷದ ಡಿಸೆಂಬರ್ ಆರಂಭದಲ್ಲಿ ಮುಚ್ಚಿತು. ಸಾಂಕ್ರಾಮಿಕದಿಂದಾಗಿ ಜನ ಮನೆಯಲ್ಲೇ ಉಳಿದದ್ದು ಓಡಾಟದ ನಡುವೆ ನೋಡಲೆಂದು ರೂಪಿಸಿದ್ದ ಸೇವೆಗೆ ದೊಡ್ಡ ಪೆಟ್ಟಾಯಿತು, ಅದನ್ನು ಒಪ್ಪಲೇಬೇಕು. ಆದರೆ ಫೋನಿನಲ್ಲಿ ಮಾತ್ರ ನೋಡಬಹುದು ಎಂಬಂಥ ತೀರ್ಮಾನಗಳನ್ನು ಸಣ್ಣ ಗುಂಪೊಂದರ ನಿತ್ಯ ಬಳಕೆಯಲ್ಲಿ ಪರೀಕ್ಷಿಸಿ ಮೊದಲೇ ಬದಲಿಸುವ ಅವಕಾಶ ಅಷ್ಟು ದೊಡ್ಡ ಆರಂಭದಲ್ಲಿ ಉಳಿದಿರಲಿಲ್ಲ. ಪ್ರಚಾರ ಜನರನ್ನು ಬಾಗಿಲವರೆಗೆ ಕರೆತರಬಲ್ಲದು. ಎರಡನೆಯ ವಾರವೂ ಅವರು ಬರುವುದು ಉತ್ಪನ್ನದ ಬಲದಿಂದಲೇ.

ಇದೇ ನ್ಯಾಯದಿಂದ ಸಹ-ಸಂಸ್ಥಾಪಕರ ಆರು ತಿಂಗಳ ವಾದವನ್ನೂ ಒಪ್ಪಲಾರೆ. ಉತ್ಪನ್ನವನ್ನು ಪೂರ್ಣಗೊಳಿಸುತ್ತಾ ಕುಳಿತಿರುವಾಗ ಹೊರಗಿನ ಜಗತ್ತು ಕಾಯುವುದಿಲ್ಲ. ಇರಿಡಿಯಂ ಉಪಗ್ರಹ ದೂರವಾಣಿಯ ಕಲ್ಪನೆ ಮೊಟೊರೊಲಾದಲ್ಲಿ ಹುಟ್ಟಿದ್ದು 1980ರ ದಶಕದ ಕೊನೆಯಲ್ಲಿ. 66 ಉಪಗ್ರಹಗಳ ಜಾಲದೊಂದಿಗೆ ವಾಣಿಜ್ಯ ಸೇವೆ ಶುರುವಾದದ್ದು 1998ರ ನವೆಂಬರ್‌ನಲ್ಲಿ. ಆ ನಡುವೆ ಸಾಮಾನ್ಯ ಮೊಬೈಲ್ ಜಾಲಗಳು ಹರಡಿ, ಫೋನ್‌ಗಳು ಅಗ್ಗವೂ ಚಿಕ್ಕವೂ ಆಗಿದ್ದವು. ಇರಿಡಿಯಂ ಫೋನ್ ದುಬಾರಿಯೂ ಭಾರವೂ ಆಗಿದ್ದು ಕಟ್ಟಡದೊಳಗೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. 1999ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ತಂತ್ರಜ್ಞಾನ ಕೆಲಸ ಮಾಡಲಿಲ್ಲವೆಂದಲ್ಲ. ಇಂದಿಗೂ ಆ ಜಾಲ ಹೊಸ ಮಾಲೀಕತ್ವದಲ್ಲಿ ನಡೆಯುತ್ತಿದೆ. ಯಾರ ಕಷ್ಟವನ್ನು ನೀಗಿಸಲು ಹೊರಟಿತ್ತೋ ಅವರಲ್ಲಿ ಹೆಚ್ಚಿನವರಿಗೆ ಅಷ್ಟು ಹೊತ್ತಿಗೆ ಬೇರೆ ದಾರಿ ಸಿಕ್ಕಿತ್ತು. ನಿಮ್ಮದು ಅಷ್ಟು ದೊಡ್ಡ ವ್ಯವಹಾರವಲ್ಲದಿದ್ದರೂ ಬಳಕೆದಾರರಿಲ್ಲದೆ ಕಟ್ಟಿದ ಆರು ತಿಂಗಳ ಕೋಡ್ ಊಹೆಯ ಮೇಲೆ ನಿಂತಿರುತ್ತದೆ, ಊಹೆ ತಪ್ಪಿದ ಕಡೆ ಅದನ್ನು ಕಿತ್ತುಹಾಕುವ ಖರ್ಚೂ ನಿಮ್ಮದೇ.

ಬೆಲೆಯ ಬಗ್ಗೆ ಕೇಳಿದ್ದೀರಿ. ಉಚಿತವಾಗಿ ಕೊಡಬೇಡಿ. ಬೇಕಾದರೆ ಕಡಿಮೆ ಮಾಡಿ. ಹಣ ಮರಳಿಸುವ ಭರವಸೆ ಕೊಡಿ. ಮೊದಲ ಎಂಟು ಘಟಕಗಳಿಗೆ ಎರಡು ವರ್ಷ ಇದೇ ದರ ಎಂದು ಬರೆದುಕೊಡಿ. ಆದರೆ ಶೂನ್ಯ ಮಾತ್ರ ಬೇಡ. ಉಚಿತವಾಗಿ ಪಡೆದವರು ಇಷ್ಟವಾಗದಿದ್ದರೆ ಸುಮ್ಮನೆ ಬಿಟ್ಟುಬಿಡುತ್ತಾರೆ. ಹಣ ಕೊಟ್ಟವರು ಕರೆ ಮಾಡಿ ಬೈಯುತ್ತಾರೆ, ನಿಮಗೀಗ ಬೇಕಾಗಿರುವುದು ಆ ಬೈಗುಳವೇ. ಮಾಲೀಕರು ಹಣ ಕೊಟ್ಟ ಕಾರಣಕ್ಕೇ ಸ್ಟೋರ್‌ನಲ್ಲಿ ಬಳಕೆಯಾಗುತ್ತಿದೆಯೇ ಎಂದು ವಿಚಾರಿಸುತ್ತಾರೆ ಎಂಬುದೂ ಇದೆ. ಇನ್ನು, ಉಚಿತದಿಂದ ಹಣಕ್ಕೆ ದಾಟುವ ದಿನ ಹಳೆಯ ಬಳಕೆದಾರರೊಂದಿಗೆ ಮತ್ತೊಮ್ಮೆ ಮೊದಲಿನಿಂದ ಮಾರಾಟದ ಮಾತು ನಡೆಸಬೇಕಾಗುತ್ತದೆ, ಅದು ಮೊದಲ ಸಲದ ಮಾತಿಗಿಂತ ಕಠಿಣ.

ಹಣದ ಲೆಕ್ಕಕ್ಕೆ ಬಂದರೆ, ಒಂಬತ್ತು ತಿಂಗಳು ಎಂಬುದು ನೀವೆಣಿಸಿದಷ್ಟು ಉದ್ದವಲ್ಲ. ಎರಡು ತಿಂಗಳು ಬಿಡುಗಡೆಯವರೆಗೆ ಹೋದವು. ಮೂರು ತಿಂಗಳ ಉಚಿತ ಪ್ರಯೋಗ ಕೊಟ್ಟು, ಅದು ಮುಗಿದ ಮೇಲೆ ಬಿಲ್ ಕಳುಹಿಸಿ, ಹಣ ಬರಲು ಇನ್ನೊಂದು ತಿಂಗಳು ಕಾದರೆ ಆರು ತಿಂಗಳು ಕಳೆದಿರುತ್ತವೆ. ಉಳಿದ ಮೂರು ತಿಂಗಳಲ್ಲಿ ಹೊಸ ಬಂಡವಾಳ ಹುಡುಕಲು ಹೊರಟರೆ, ಮಾತುಕತೆ, ದಾಖಲೆಗಳ ಪರಿಶೀಲನೆ, ಕರಾರು ಎಲ್ಲ ಮುಗಿದು ಹಣ ಖಾತೆಗೆ ಬರುವ ಮೊದಲೇ ಖಾತೆ ಬರಿದಾಗಬಹುದು. ಸಹ-ಸಂಸ್ಥಾಪಕರ ದಾರಿ ಹಿಡಿದರೆ ಬಿಡುಗಡೆಯ ದಿನ ಕೈಯಲ್ಲಿ ಮೂರೇ ತಿಂಗಳ ಹಣ ಇರುತ್ತದೆ. ಎರಡು ತಿಂಗಳ ದಿನಾಂಕವನ್ನು ಉಳಿಸಿಕೊಳ್ಳಿ ಎಂದು ನಾನು ಒತ್ತಿಹೇಳುವುದಕ್ಕೆ ಈ ಲೆಕ್ಕವೇ ಮುಖ್ಯ ಕಾರಣ. ದೊಡ್ಡ ಪ್ರಚಾರಕ್ಕೆಂದು ಎತ್ತಿಟ್ಟಿರುವ ಮೊತ್ತವನ್ನು ಈಗ ಖರ್ಚು ಮಾಡದಿದ್ದರೆ ಅದೇ ಒಂದೆರಡು ತಿಂಗಳ ಹೆಚ್ಚುವರಿ ಆಯುಷ್ಯವಾಗುತ್ತದೆ.

ನಿಮ್ಮ ಉತ್ಪನ್ನ ಸಾಫ್ಟ್‌ವೇರ್ ಆಗಿರುವುದರಿಂದ ಒಂದು ದೊಡ್ಡ ಕಷ್ಟದಿಂದ ಪಾರಾಗಿದ್ದೀರಿ. ವಸ್ತುರೂಪದ ಉತ್ಪನ್ನವಾಗಿದ್ದರೆ ಅಚ್ಚು, ಬಿಡಿಭಾಗ, ತಯಾರಿಕೆಯ ಸಾಲು, ಸಾಗಣೆ ಇವೆಲ್ಲದರ ವಿಳಂಬ ಸೇರುತ್ತಿತ್ತು. ಪೆಬಲ್ ಕೈಗಡಿಯಾರ 2012ರಲ್ಲಿ, ಹೊಸ ಯೋಜನೆಗಳಿಗೆ ಜನರಿಂದ ಹಣ ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್ ಮೂಲಕ, ಒಂದು ಕೋಟಿ ಡಾಲರ್‌ಗೂ ಹೆಚ್ಚು ಹಣ ಸಂಗ್ರಹಿಸಿ, ಆ ಸೆಪ್ಟೆಂಬರ್‌ಗೆ ಕೊಡುವುದಾಗಿ ಹೇಳಿ, ಕಳುಹಿಸಲು ಆರಂಭಿಸಿದ್ದು 2013ರ ಜನವರಿಯಲ್ಲಿ. ನಿರೀಕ್ಷೆ ಮೀರಿದ ಬೇಡಿಕೆಯೂ ಹೊರೆಯಾಗಬಲ್ಲದು.

ನಿಮ್ಮ ಪಾಲಿಗೆ ಬರುವ ತಾಂತ್ರಿಕ ಹೊಣೆ ಬೇರೆ ಬಗೆಯದು. ಘಟಕವೊಂದರ ದಾಸ್ತಾನಿನ ದಾಖಲೆ ನಿಮ್ಮ ಸರ್ವರ್‌ನಲ್ಲಿದ್ದು, ಅದು ಒಂದು ದಿನ ಸಿಗದೆ ಹೋದರೆ ಅಲ್ಲಿನ ಕೆಲಸ ನಿಲ್ಲುತ್ತದೆ. ಬ್ಯಾಕಪ್ ತೆಗೆಯುತ್ತಿದ್ದೇವೆ ಎಂಬುದು ಸಾಲದು; ಆ ಬ್ಯಾಕಪ್‌ನಿಂದ ಒಂದು ಘಟಕದ ಮಾಹಿತಿಯನ್ನು ಮರಳಿ ಪಡೆದು ತೋರಿಸುವ ಅಭ್ಯಾಸವನ್ನು ಬಿಡುಗಡೆಗೆ ಮೊದಲು ಒಮ್ಮೆಯಾದರೂ ಮಾಡಿ. ವಾರದ ಕೊನೆಯ ಸಂಜೆ ಹೊಸ ಆವೃತ್ತಿ ಬಿಡಬೇಡಿ. ನೆಟ್‌ವರ್ಕ್ ಇಲ್ಲದಾಗಲೂ ನಮೂದು ಫೋನಿನಲ್ಲಿ ಉಳಿದು ಆಮೇಲೆ ಸೇರಿಕೊಳ್ಳುವಂತಿರಲಿ, ಸ್ಟೋರ್‌ಗಳು ಸಾಮಾನ್ಯವಾಗಿ ಸಿಗ್ನಲ್ ಸಿಗದ ಮೂಲೆಯಲ್ಲೇ ಇರುತ್ತವೆ. ಎಚ್ಚರಿಕೆಯುಳ್ಳ ಮಾಲೀಕರು ಒಂದು ಪ್ರಶ್ನೆಯನ್ನು ಖಂಡಿತ ಕೇಳುತ್ತಾರೆ: ನಾಳೆ ನೀವು ಕಂಪನಿ ಮುಚ್ಚಿದರೆ ನಮ್ಮ ಲೆಕ್ಕದ ಗತಿ ಏನು? ಮಾತಿನ ಆಶ್ವಾಸನೆ ಇದಕ್ಕೆ ಉತ್ತರವಾಗದು. ಇಡೀ ದಾಖಲೆಯನ್ನು ಯಾವಾಗ ಬೇಕಾದರೂ ಎಕ್ಸೆಲ್ ಕಡತವಾಗಿ ಇಳಿಸಿಕೊಳ್ಳುವ ಗುಂಡಿಯನ್ನು ಅವರಿಗೆ ಅಲ್ಲೇ ತೋರಿಸಿ, ಮಾಹಿತಿಯ ಒಡೆತನ ಅವರದ್ದೇ ಎಂಬುದನ್ನು ಕರಾರಿನಲ್ಲಿ ಬರೆಯಿರಿ.

ನೀವು ಮೂವರ ನಡುವಿನ ಸಂಬಂಧದ ಬಗ್ಗೆ ಪತ್ರದಲ್ಲಿ ನೇರವಾಗಿ ಕೇಳಿಲ್ಲ, ಆದರೂ ಸಾಲುಗಳ ನಡುವೆ ಅದು ಕಾಣುತ್ತಿದೆ. ಬಿಡುಗಡೆಯ ನಂತರದ ವಾರಗಳಲ್ಲಿ ಒತ್ತಡ ಹೆಚ್ಚುತ್ತದೆ, ಆಗ ಹಳೆಯ ಭಿನ್ನಾಭಿಪ್ರಾಯಗಳು ವ್ಯಕ್ತಿಗತವಾಗುತ್ತವೆ. ಗ್ರಾಹಕರ ಕರೆಗೆ ಯಾರು ಉತ್ತರಿಸುತ್ತಾರೆ, ಯಾವ ದೋಷವನ್ನು ಮೊದಲು ಸರಿಪಡಿಸಬೇಕು ಎಂಬುದರ ಅಂತಿಮ ಮಾತು ಯಾರದು ಎಂದು ಈಗಲೇ ಬರೆದಿಟ್ಟುಕೊಳ್ಳಿ. ತಾಂತ್ರಿಕ ಸಹ-ಸಂಸ್ಥಾಪಕರನ್ನು ಒಳಗೇ ಕೂರಿಸದೆ ಕನಿಷ್ಠ ಮೂರು ಘಟಕಗಳ ಸ್ಟೋರ್‌ಗೆ ಪಾಳಿಯ ಹೊತ್ತಿಗೆ ಕರೆದುಕೊಂಡು ಹೋಗಿ. ಬಾರ್‌ಕೋಡ್ ಬೇಕೋ ಬೇಡವೋ ಎಂಬ ಚರ್ಚೆ ನಿಮ್ಮಿಬ್ಬರ ನಡುವಿನ ವಾದವಾಗಿ ಉಳಿಯುವ ಬದಲು ಕಣ್ಣಾರೆ ಕಂಡ ಸಂಗತಿಯ ಮೇಲೆ ತೀರ್ಮಾನವಾಗಲಿ. ಅವರು ನೋಡಿ ಬಂದು, ನಿಮ್ಮ ನಿಲುವೇ ತಪ್ಪೆಂದು ತೋರಿಸಿದರೆ ಅದನ್ನೂ ಒಪ್ಪಿಕೊಳ್ಳುವ ಮನಸ್ಸಿರಲಿ.

ಕೊನೆಯದಾಗಿ, ಬಳಕೆ ನೆಲೆಗೊಂಡಿದೆ ಎಂಬುದನ್ನು ಅಳೆಯುವುದು ಹೇಗೆ ಮತ್ತು ಹೂಡಿಕೆದಾರರಿಗೆ ಏನು ಹೇಳಬೇಕು ಎಂಬ ವಿಚಾರ. ಎಷ್ಟು ಜನ ಲಾಗಿನ್ ಆದರು ಎಂಬುದನ್ನು ಲೆಕ್ಕ ಹಾಕಬೇಡಿ. ಪ್ರತಿ ವಾರ ಒಂದೇ ದಿನ, ಪ್ರತಿ ಘಟಕದಲ್ಲಿ ಇಪ್ಪತ್ತು ವಸ್ತುಗಳನ್ನು ಆರಿಸಿ ಕೈಯೆಣಿಕೆ ಮಾಡಿಸಿ, ಪರದೆಯ ಮೇಲಿನ ಅಂಕಿಯೊಂದಿಗೆ ಹೋಲಿಸಿ, ಎಷ್ಟು ಹೊಂದಿಕೆಯಾದವು ಎಂದು ಬರೆದಿಡಿ. ಮೊದಲ ವಾರ ಅದು ನಿರಾಶಾದಾಯಕವಾಗಿಯೇ ಇರುತ್ತದೆ. ವಾರದಿಂದ ವಾರಕ್ಕೆ ಏರುತ್ತಿದೆಯೇ ಎಂಬುದು ಮುಖ್ಯ. ಜೊತೆಗೆ ಸ್ಟಾರ್ಟಪ್‌ಗಳ ಬೆಳವಣಿಗೆಯ ತಜ್ಞ ಷಾನ್ ಎಲ್ಲಿಸ್ ರೂಢಿಗೆ ತಂದ ಪ್ರಶ್ನೆಯನ್ನು ಆರನೆಯ ವಾರದಲ್ಲಿ ಮಾಲೀಕರಿಗೂ ಸ್ಟೋರ್ ಕೀಪರ್‌ಗೂ ಪ್ರತ್ಯೇಕವಾಗಿ ಕೇಳಿ: ನಾಳೆಯಿಂದ ಇದು ಸಿಗುವುದಿಲ್ಲವೆಂದರೆ ನಿಮಗೆ ಹೇಗನಿಸುತ್ತದೆ? ತುಂಬ ನಿರಾಶೆಯಾಗುತ್ತದೆ ಎನ್ನುವವರು 40 ಶೇಕಡಾಕ್ಕಿಂತ ಹೆಚ್ಚಿದ್ದರೆ ಉತ್ಪನ್ನಕ್ಕೆ ಮಾರುಕಟ್ಟೆಯಿದೆ ಎಂಬುದು ಅವರು ಹಾಕಿಕೊಟ್ಟ ಅಳತೆಗೋಲು. ಎಂಟು ಘಟಕಗಳ ಮಟ್ಟಿಗೆ ಶೇಕಡಾವಾರು ಲೆಕ್ಕಕ್ಕೆ ಹೆಚ್ಚು ತೂಕ ಕೊಡಲಾಗದು. ಆದರೆ ಮಾಲೀಕರು ‘ನಿರಾಶೆಯಾಗುತ್ತದೆ’ ಎಂದು, ಸ್ಟೋರ್ ಕೀಪರ್ ‘ಪರವಾಗಿಲ್ಲ’ ಎಂದು ಉತ್ತರಿಸಿದ ಘಟಕ ಯಾವುದು ಎಂದು ಗುರುತಿಸಿಕೊಳ್ಳಿ, ಮುಂದೆ ಕೈಬಿಡುವ ಸಾಧ್ಯತೆ ಹೆಚ್ಚಿರುವುದು ಅಲ್ಲಿಯೇ.

ಹೂಡಿಕೆದಾರರಿಗೆ ಈ ವಾರವೇ ಒಂದು ಪುಟದ ಪತ್ರ ಬರೆಯಿರಿ. ದಿನಾಂಕ ಬದಲಾಗಿಲ್ಲ, ಎಂಟು ಘಟಕಗಳೊಂದಿಗೆ ಆರಂಭಿಸುತ್ತೇವೆ, ಎಂಟು ವಾರಗಳ ನಂತರ ಕನಿಷ್ಠ ಐದು ಘಟಕಗಳು ಎರಡನೆಯ ತಿಂಗಳ ಶುಲ್ಕ ಕಟ್ಟಿ, ಅವುಗಳಲ್ಲಿ ಇಪ್ಪತ್ತರಲ್ಲಿ ಹದಿನೇಳು ವಸ್ತುಗಳಾದರೂ ಕೈಯೆಣಿಕೆಯೊಂದಿಗೆ ಹೊಂದಿಕೆಯಾದರೆ ಪ್ರಚಾರದ ಹಣವನ್ನು ಆಗ ಬಳಸುತ್ತೇವೆ ಎಂದು ಅದರಲ್ಲಿ ತಿಳಿಸಿ. ಅಷ್ಟು ಬರದಿದ್ದರೆ ಪ್ರಚಾರವನ್ನು ತಡೆಹಿಡಿದು, ಬಿಟ್ಟುಹೋದ ಪ್ರತಿ ಘಟಕಕ್ಕೂ ಒಂದು ವಾರದೊಳಗೆ ನಾವೇ ಹೋಗಿ ಕಾರಣ ತಿಳಿದು ಬಂದು ವರದಿ ಕೊಡುತ್ತೇವೆ ಎಂಬುದನ್ನೂ ಸೇರಿಸಿ. ಆ ಹೊತ್ತಿಗೂ ನಿಮ್ಮ ಬಳಿ ಸುಮಾರು ಐದು ತಿಂಗಳ ಹಣ ಉಳಿದಿರುತ್ತದೆ, ದಿಕ್ಕು ಬದಲಿಸಿ ಇನ್ನೊಮ್ಮೆ ಪ್ರಯತ್ನಿಸಲು ಅದು ಸಾಕು.